ಬೆರಿಲ್ ಸ್ನಾನಕ್ಕೆ ಹೋಗಿದ್ದಾಳೆ

ಕ್ಲೈವ್ ಫಿಶ್‌ವಿಕ್ ಸುಳ್ಳುಗಾರನಲ್ಲ. ಸುಳ್ಳು ಹೇಳಬೇಕಾದರೆ ಸ್ವಲ್ಪ ಬುದ್ಧಿ ಬೇಕು, ಸ್ವಲ್ಪ ನೆನಪಿನ ಶಕ್ತಿ ಬೇಕು. ಎರಡರ ವಿಷಯದಲ್ಲೂ ದೇವರು ಅವನಿಗೆ ಕೈ ಬಿಗಿಹಿಡಿದೇ ಕೊಟ್ಟಿದ್ದ. ಲ್ಯಾಂಕಾಷರ್ ಕಡಲ ದಂಡೆಯ ಸ್ಕೆಲ್‌ಬೆಕ್ ಊರಿನಲ್ಲಿ ಅರ್ಧ ಮನೆಗಳ ಗೋಡೆಗೆ ಚಿತ್ತಾರದ ಕಾಗದ ಅಂಟಿಸಿದವನು ಅವನೇ. ಹೂಬಳ್ಳಿಯನ್ನು ತಲೆಕೆಳಗಾಗಿ ಅಂಟಿಸಿದ ಮನೆಗಳು ಇವತ್ತಿಗೂ ಕೆಲವಿವೆ. ಮನೆಯವರು ಏನೂ ಅನ್ನಲಿಲ್ಲ. “ಚೆನ್ನಾಗಿದೆ ಕ್ಲೈವ್, ಹೊಸ ಥರ ಕಾಣ್ಸುತ್ತೆ” ಎಂದು ಚಹಾ ಕುಡಿಸಿ ಕಳಿಸಿದರು. ಆ ಊರಿನವರ ಸ್ವಭಾವವೇ ಹಾಗೆ. ಮನೆಗೆ ಕಳ್ಳ ನುಗ್ಗಿದರೂ ಸಹಿಸಿಕೊಂಡಾರು, ಎದುರಿಗಿರುವವನಿಗೆ ಮುಜುಗರವಾಗುವ ಮಾತು ಮಾತ್ರ ಆಡಲಾರರು. ಮುಂದೆ ನಡೆದ ಅನಾಹುತಕ್ಕೆಲ್ಲ ಈ ಸಭ್ಯತೆಯೇ ಕಾರಣ ಎಂದು ನನ್ನ ಸ್ಪಷ್ಟ ಅಭಿಪ್ರಾಯ.

ಇಡೀ ಊರಿಗೆ ಒಬ್ಬಳೇ ಅಪವಾದ. ಅವಳು ಕ್ಲೈವನ ಹೆಂಡತಿಯ ಅಕ್ಕ ಡೋರೀನ್.

ಹೆಂಡತಿ ಬೆರಿಲ್ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಗಂಡ ಹೆಂಡತಿ ಇಬ್ಬರಿಗೂ ಆಗುವಂತೆ ಆಳವಾಗಿ ತೋಡಿಸಿದ ಗೋರಿ. ಕೆಳಗೆ ಅವಳು, ಮೇಲಿನ ಜಾಗ ಇವನಿಗೆ. ಮಣ್ಣು ಕೂರುವವರೆಗೆ ಕಲ್ಲು ನಿಲ್ಲಿಸುವಂತಿಲ್ಲ ಎಂದು ಮೊದಲ ವರ್ಷ ಕಳೆಯಿತು. ಎರಡನೆಯ ವರ್ಷ ಕ್ಲೈವನ ಪಿಂಚಣಿಗೆ ಎಟುಕುವ ಕಲ್ಲು ಸಿಗಲಿಲ್ಲ. ಗೋರಿಯ ತಲೆಗೆ ಒಂದು ಮರದ ಶಿಲುಬೆ ಮಾತ್ರ ಇತ್ತು, ಅದೂ ಕಡಲ ಗಾಳಿಗೆ ಪಕ್ಕಕ್ಕೆ ವಾಲಿತ್ತು. ಭಾನುವಾರ ಹೂವಿಡಲು ಬಂದ ಡೋರೀನ್ ಅದನ್ನು ನೋಡಿ ಛತ್ರಿಯ ತುದಿಯನ್ನು ಕ್ಲೈವನ ಕಡೆಗೆ ತಿರುಗಿಸಿದಳು.

“ಬೀನ್ಸ್ ಬಳ್ಳಿ ಹಬ್ಬಿಸೋಕೆ ನೆಟ್ಟ ಕೋಲು ಇದ್ದಂಗಿದೆ! ನಾಚಿಕೆ ಆಗಲ್ವಾ ನಿನಗೆ? ಮುಂದಿನ ವಾರ ಗುರುವಾರ ಸಂಜೆವರೆಗೆ ನೋಡ್ತೀನಿ. ಅಷ್ಟರಲ್ಲಿ ನೀನು ಕಲ್ಲುಕುಟಿಗನಿಗೆ ಮುಂಗಡ ಕೊಡದೇ ಇದ್ರೆ ನಾನೇ ಕೊಡ್ತೀನಿ. ಕಪ್ಪು ಕಲ್ಲು, ಮೇಲೊಂದು ದೇವತೆ, ರೆಕ್ಕೆ ಎರಡೂ ಬಿಚ್ಚಿರಬೇಕು. ‘ಡೋರೀನಳ ಪ್ರೀತಿಯ ತಂಗಿ’ ಅಂತ ಬರೆಸ್ತೀನಿ.”

“ನನ್ನ ಹೆಸರು?” ಎಂದ ಕ್ಲೈವ್ ಮೆಲ್ಲಗೆ.

“ಜಾಗ ಎಲ್ಲಿದೆ? ರೆಕ್ಕೆಗೇ ಸಾಲಲ್ಲ!”

ಆ ರಾತ್ರಿ ಕ್ಲೈವನಿಗೆ ಅನ್ನಾಹಾರ ಸೇರಲಿಲ್ಲ. ಸತ್ತ ಮೇಲೆ ಬೆರಿಲಳ ಜೊತೆಗೇ ಇರುತ್ತೇನೆ, ಕಲ್ಲಿನ ಮೇಲೆ ಅವಳ ಹೆಸರಿನ ಕೆಳಗೆ ತನ್ನ ಹೆಸರು ಇರುತ್ತದೆ ಎಂಬುದೊಂದೇ ಅವನು ಸಾವಿನ ಬಗ್ಗೆ ಮಾಡಿಕೊಂಡಿದ್ದ ಏರ್ಪಾಡು. ಈಗ ಅದರ ಮೇಲೂ ಡೋರೀನಳ ದೇವತೆ ರೆಕ್ಕೆ ಬಿಚ್ಚಿ ಕೂರುವುದರಲ್ಲಿತ್ತು.

ಮಾರನೆಯ ದಿನ ಭಾರದ ಚೆಂಡು ಉರುಳಿಸುವ ಬೌಲ್ಸ್ ಆಟದ ಹುಲ್ಲಂಗಳದಲ್ಲಿ ಪಕ್ಕದ ಮನೆಯ ರೆಗ್ ಹಾಲ್ಸಾಲ್ ಸಿಕ್ಕಿದ. ರೆಗ್ ರೇಡಿಯೋದಲ್ಲಿ ಬಂದದ್ದನ್ನೆಲ್ಲ ತಾನೇ ಕಂಡುಹಿಡಿದವನಂತೆ ಹೇಳುವ ಮನುಷ್ಯ.

“ನಿನ್ನ ದುಡ್ಡು ಸರ್ಕಾರದ ಹತ್ರ ಕೊಳೀತಾ ಬಿದ್ದಿದೆ ಕಣೋ, ಗೊತ್ತಾ? ಮದುವೆ ಆದೋರಿಗೆ ತೆರಿಗೆಯಲ್ಲಿ ರಿಯಾಯಿತಿ ಇದೆ. ಬೆರಿಲ್ ಬೇಕರಿಯಲ್ಲಿ ಅರ್ಧ ದಿನ ಕೆಲಸ ಮಾಡ್ತಿದ್ಲಲ್ಲ, ಅವಳಿಗೆ ತೆರಿಗೆ ಬೀಳೋಷ್ಟು ಸಂಬಳ ಎಲ್ಲಿತ್ತು? ತೆರಿಗೆ ಇಲ್ದೆ ಅವಳಿಗೆ ಬಿಟ್ಟ ಪಾಲಲ್ಲಿ ಒಂದು ಚೂರನ್ನ ನಿನ್ನ ಹೆಸರಿಗೆ ತಿರುಗಿಸಬಹುದು. ನೀನು ಕಟ್ಟಿದ್ದರಲ್ಲಿ ಒಂದಿಷ್ಟು ವಾಪಸ್ ಬರುತ್ತೆ. ಹಿಂದಿನ ನಾಲ್ಕು ವರ್ಷದ್ದೂ ಕೇಳಬಹುದಂತೆ.”

“ಅವಳೇ ಇಲ್ವಲ್ಲೋ ರೆಗ್.”

“ಇದ್ದ ವರ್ಷದಲ್ಲಿ ಇದ್ದಳಲ್ಲ! ಫೋನ್ ಮಾಡಿ ಕೇಳು.”

ಕಲ್ಲಿನ ಮುಂಗಡಕ್ಕೆ ಆದೀತು ಎಂಬ ಆಸೆಯಿಂದ ಕ್ಲೈವ್ ಮಂಗಳವಾರ ಬೆಳಿಗ್ಗೆ ತೆರಿಗೆ ಕಚೇರಿಗೆ ಫೋನ್ ಹಚ್ಚಿದ. ಅವನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಫೋನಿನ ಸ್ಪೀಕರ್ ಯಾವಾಗಲೂ ಆನ್ ಆಗಿಯೇ ಇರುತ್ತಿತ್ತು. ಆ ಬೀದಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು; ನಡುಗೋಡೆ ಎಷ್ಟು ತೆಳುವೆಂದರೆ ಇವನು ಸೀನಿದರೆ ಪಕ್ಕದ ಮನೆಯ ಮೇವಿಸ್, ಅಂದರೆ ರೆಗ್‌ನ ಹೆಂಡತಿ, ‘ದೇವರು ಕಾಪಾಡಲಿ’ ಎನ್ನುತ್ತಿದ್ದಳು. ಕಾಯುವವರಿಗೆಂದು ಹಾಕುವ ಪಿಟೀಲು ಫೋನಿನಲ್ಲಿ ಬಹಳ ಹೊತ್ತು ಕೇಳಿಸಿದ ಮೇಲೆ ಒಂದು ಹುಡುಗಿಯ ದನಿ ಬಂತು.

“ನಮಸ್ಕಾರ ಸರ್, ನಾನು ಜೆಮ್ಮಾ. ಇಷ್ಟು ಹೊತ್ತು ಕಾಯಿಸಿದ್ದಕ್ಕೆ ಕ್ಷಮಿಸಿ. ಎಂಥಾ ಚಂದದ ಬಿಸಿಲು ಅಲ್ವಾ ಇವತ್ತು!”

ಕ್ಲೈವ್ ವಿಷಯ ಹೇಳಿದ. ಹುಡುಗಿ ಲವಲವಿಕೆಯಿಂದ ಎಲ್ಲ ಕೇಳಿಸಿಕೊಂಡಳು. “ಖಂಡಿತ ಸಿಗುತ್ತೆ ಸರ್. ಆದ್ರೆ ಇದನ್ನ ಕಡಿಮೆ ಸಂಬಳದವರೇ ಕೇಳಬೇಕು. ಅಂದ್ರೆ ನಿಮ್ಮ ಮನೆಯವರು. ಸ್ವಲ್ಪ ಅವರಿಗೆ ಫೋನ್ ಕೊಡ್ತೀರಾ?”

ಇಲ್ಲಿಯೇ ನೋಡಿ, ಎಡವಟ್ಟು ಶುರುವಾದದ್ದು. ‘ತೀರಿಕೊಂಡಿದ್ದಾಳೆ’ ಎಂಬ ಮಾತು ಕ್ಲೈವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಿಸಿಲು ಚಂದ ಅನ್ನುತ್ತಿರುವ, ಮೊಮ್ಮಗಳ ವಯಸ್ಸಿನ ಹುಡುಗಿಯ ಕಿವಿಗೆ ಬೆಳಬೆಳಿಗ್ಗೆ ಸಾವಿನ ಸುದ್ದಿ ಸುರಿಯುವುದು ಹೇಗೆ? ಅವಳು ‘ಅಯ್ಯೋ’ ಅನ್ನಬೇಕು, ಇವನು ‘ಪರವಾಗಿಲ್ಲ’ ಅನ್ನಬೇಕು, ಇಬ್ಬರಿಗೂ ಸಂಕಟ.

“ಅವಳು... ಸ್ನಾನಕ್ಕೆ ಹೋಗಿದ್ದಾಳಮ್ಮ.”

“ಪರವಾಗಿಲ್ಲ ಸರ್, ಕಾಯ್ತೀನಿ.”

ಕಾಯುತ್ತಾಳಂತೆ! ಫೋನ್ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಸುಮ್ಮನಿದ್ದರೆ ಸುಳ್ಳು ಗೊತ್ತಾಗುತ್ತದೆ. ಕ್ಲೈವ್ ದಡದಡನೆ ಮಹಡಿ ಹತ್ತಿದ. ಸ್ನಾನದ ಕೋಣೆಯ ಬಾಗಿಲು ತಟ್ಟಿದ, ತಾನೇ ಒಳಗೆ ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿದ, “ಬೆರಿಲ್! ಫೋನ್! ತೆರಿಗೆಯವರು!” ಎಂದು ಗಂಟಲು ಹರಿಯುವಂತೆ ಕೂಗಿದ. ಎರಡು ವರ್ಷದಿಂದ ಆ ಹೆಸರನ್ನು ಅವನು ಅಷ್ಟು ಜೋರಾಗಿ ಕರೆದಿರಲಿಲ್ಲ. ಕರೆದ ಮೇಲೆ ಉತ್ತರಕ್ಕೆ ಕಾಯುವ ಹಳೆಯ ಅಭ್ಯಾಸ ಹೋಗಿರಲಿಲ್ಲ, ಒಂದು ಗಳಿಗೆ ಕಾದ. ನೀರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಏದುಸಿರು ಬಿಡುತ್ತ ಕೆಳಗೆ ಬಂದ.

“ತಲೆಗೆ ಸೋಪು ಹಚ್ಕೊಂಡಿದ್ದಾಳೆ” ಎಂದ.

ಜೆಮ್ಮಾ ಕಿಲಕಿಲ ನಕ್ಕಳು. “ಆಯ್ತು ಸರ್. ಮುಂದಿನ ವಾರ ಗುರುವಾರ ಹನ್ನೊಂದಕ್ಕೆ ನಾನೇ ಫೋನ್ ಮಾಡ್ತೀನಿ. ಮನೆಯವರಿಗೆ ಇರೋಕೆ ಹೇಳಿ. ಹಿಂದಿನ ವರ್ಷಗಳದ್ದೂ ಹಾಕ್ತೀನಿ, ಮುಂದಕ್ಕೂ ಪ್ರತಿ ವರ್ಷ ಸಿಗೋ ಹಾಗೆ ಮಾಡ್ತೀನಿ. ಮದುವೆ ಹಾಗೇ ಇದೆ ತಾನೇ?”

“ಹಾಗೇ ಇದೆಯಮ್ಮ” ಎಂದ ಕ್ಲೈವ್. ಅದು ಸುಳ್ಳು ಎಂದು ಅವನಿಗೆ ಅನ್ನಿಸಲೂ ಇಲ್ಲ.

ನಲ್ಲಿ ನಿಲ್ಲಿಸಲು ಮತ್ತೆ ಮಹಡಿ ಹತ್ತಿದ. ನಲ್ಲಿ ನಿಂತಿತ್ತು. ತೊಟ್ಟಿಯಲ್ಲಿ ಅರ್ಧಕ್ಕೆ ನೀರು, ಕೈಯಿಟ್ಟು ನೋಡಿದರೆ ಹದವಾದ ಬಿಸಿ. ಅವನು ತಿರುಗಿಸಿದ್ದು ಬರೀ ಬಿಸಿನೀರಿನ ನಲ್ಲಿಯನ್ನು. ಕನ್ನಡಿಗೆ ಹಬೆ ಹಿಡಿದಿತ್ತು, ನಡುವೆ ಒಂದು ಮುಖ ಕಾಣುವಷ್ಟು ಜಾಗವನ್ನು ಯಾರೋ ಅಂಗೈಯಿಂದ ಒರೆಸಿದಂತಿತ್ತು. ತಾನೇ ಒರೆಸಿರಬೇಕು ಎಂದುಕೊಂಡ. ಬಾಗಿಲೆಳೆದುಕೊಂಡು ಕೆಳಗಿಳಿದ.

ಗೋಡೆಯ ಆಚೆ ಮೇವಿಸ್‌ಗೆ ಎಲ್ಲ ಕೇಳಿಸಿತ್ತು. ಕೂಗಿದ್ದು, ನೀರು ಬಿಟ್ಟಿದ್ದು, ತಲೆಗೆ ಸೋಪು ಹಚ್ಚಿಕೊಂಡಿದ್ದಾಳೆ ಅಂದದ್ದು. ಫೋನಿನಲ್ಲಿ ನಕ್ಕ ಹೆಣ್ಣುದನಿಯೂ ಕೇಳಿಸಿತ್ತು. ಅವಳು ಕೈಲಿದ್ದ ಪಾತ್ರೆಯನ್ನು ಹಾಗೇ ಇಟ್ಟು ಗಂಡನ ಹತ್ತಿರ ಓಡಿದಳು.

“ರೆಗ್, ಪಾಪ ಕಣ್ರೀ ಕ್ಲೈವ್! ಬೆರಿಲ್ ಇನ್ನೂ ಇದ್ದಾಳೆ ಅಂದ್ಕೊಂಡಿದ್ದಾನೆ. ಸ್ನಾನದ ಮನೆ ಬಾಗಿಲು ತಟ್ತಾನೆ, ಮಾತಾಡಿಸ್ತಾನೆ. ಆಮೇಲೆ... ಯಾರೋ ನಕ್ಕಂಗೂ ಆಯ್ತು.”

“ನಗೋದು ಬಿಡು. ಡಾಕ್ಟರಿಗೆ ಹೇಳೋಣವಾ?”

“ಛೆ! ಅವನಿಗೆ ಮುಜುಗರ ಆಗಲ್ವಾ? ನಾವು ಏನೂ ಗೊತ್ತಿಲ್ದಂಗೆ ಇರೋಣ. ಅವಳು ಇದ್ದಾಳೆ ಅಂದ್ರೆ ಇದ್ದಾಳೆ.”

ಹೀಗೆ ಆ ಬೀದಿ ಸರ್ವಾನುಮತದಿಂದ, ಒಂದು ಸಭೆಯನ್ನೂ ಸೇರಿಸದೆ, ಬೆರಿಲ್ ಫಿಶ್‌ವಿಕ್‌ಳನ್ನು ಬದುಕಿಸಿತು.

ಅದೇ ಸಂಜೆ ಮೇವಿಸ್ ಮಾಂಸದ ಕಡುಬು ತಂದಳು. “ಇಬ್ಬರಿಗೂ ಆಗುತ್ತೆ” ಎಂದು ಕ್ಲೈವನ ಭುಜದ ಮೇಲಿಂದ ಒಳಗೆ ನೋಡಿ, ಮೆಟ್ಟಿಲ ಕಡೆಗೆ ತಲೆಯಾಡಿಸಿ ನಕ್ಕು ಹೋದಳು. ಕ್ಲೈವ್ ತಿರುಗಿ ನೋಡಿದ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಹಾಗಾದರೆ ಅವಳು ನಕ್ಕದ್ದು ಯಾರಿಗೆ?

ಬೌಲ್ಸ್ ಅಂಗಳದಲ್ಲಿ ರೆಗ್ ಕೇಳಿದ, “ಬೆರಿಲ್ ಹೇಗಿದ್ದಾಳೆ?”

ಕ್ಲೈವನ ಕೈಯಿಂದ ಚೆಂಡು ಜಾರಿ ಪಕ್ಕದವನ ಕಾಲ್ಬೆರಳ ಮೇಲೆ ಬಿತ್ತು. ಮೊನ್ನೆ ತಾನೇ ‘ಇದ್ದ ವರ್ಷದಲ್ಲಿ ಇದ್ದಳಲ್ಲ’ ಅಂದವನೂ ಇವನೇ! ಏನೆಂದು ಕೇಳಬೇಕು? ‘ನನ್ನ ಹೆಂಡತಿಯನ್ನು ಎಲ್ಲಾದರೂ ನೋಡಿದೆಯಾ’ ಎಂದು ಕೇಳಲಾದೀತೇ? ಅದೂ ಸ್ಕೆಲ್‌ಬೆಕ್‌ನಲ್ಲಿ?

“ಚೆನ್ನಾಗಿದ್ದಾಳೆ” ಎಂದ.

“ನೋಡಿದ್ರೇ ಗೊತ್ತಾಗುತ್ತೆ ಬಿಡು” ಎಂದ ರೆಗ್ ಉಪಕಾರಬುದ್ಧಿಯಿಂದ.

ನೋಡಿದರೆ ಗೊತ್ತಾಗುತ್ತದಂತೆ! ಅಂದರೆ ಇವರಿಗೆ ಕಾಣಿಸುತ್ತಿದ್ದಾಳೆ. ತನಗೊಬ್ಬನಿಗೇ ಕಾಣುತ್ತಿಲ್ಲ. ಬದುಕಿದ್ದಾಗಲೂ ಅವಳು ಹೊಸ ಬಟ್ಟೆ ಹಾಕಿಕೊಂಡು ಎದುರಿಗೆ ನಿಂತರೆ ತನ್ನ ಕಣ್ಣಿಗೆ ಬೀಳುತ್ತಿರಲಿಲ್ಲ ಎಂಬುದು ಅವನಿಗೆ ನೆನಪಾಯಿತು. ಕ್ಲೈವ್ ಅವತ್ತಿನಿಂದ ಮನೆಯಲ್ಲಿ ಮೈಯೆಲ್ಲ ಕಣ್ಣಾಗಿ ಓಡಾಡತೊಡಗಿದ. ಕೋಣೆಗೆ ಹೋಗುವ ಮುಂಚೆ ಕೆಮ್ಮಿದ. ಅವಳು ಕೂರುತ್ತಿದ್ದ ಕುರ್ಚಿಯ ಮೇಲಿದ್ದ ಹಳೆಯ ಪತ್ರಿಕೆಗಳನ್ನು ಎತ್ತಿ ಜಾಗ ಮಾಡಿದ, ಅಷ್ಟರ ಮಟ್ಟಿಗೆ ಮನೆ ಚೊಕ್ಕಟವಾಯಿತು.

ಶನಿವಾರ ಚರ್ಚಿನ ಪಾದ್ರಿಯಮ್ಮ ಫಿಲಿಪಾ ಗೋರ್ಸ್ ಬಂದರು. ಮೇವಿಸ್ ಅವರ ಕಿವಿಯಲ್ಲಿ ಎಲ್ಲ ಊದಿದ್ದಳು. ಕಡಲಿನ ಮಂಜು ಮಧ್ಯಾಹ್ನವೇ ಬೀದಿಗೆ ಇಳಿದು ಕಿಟಕಿಯ ಗಾಜಿಗೆ ಅಂಟಿಕೊಂಡಿತ್ತು. ಫಿಲಿಪಾ ಒಳಗೆ ಬಂದವರು ಖಾಲಿ ಕುರ್ಚಿಯನ್ನು ತಪ್ಪಿಸಿ, ಅದರ ಎದುರಿನ ಸೋಫಾದಲ್ಲಿ ಕೂತರು. ಕ್ಲೈವ್ ಕುರ್ಚಿಯನ್ನು ಇನ್ನೊಮ್ಮೆ ನೋಡಿದ.

“ಚಹಾ ಮಾಡ್ಲಾ?” ಎಂದ.

“ಎಲ್ಲರಿಗೂ ಮಾಡೋದಾದ್ರೆ ನನಗೂ ಇರಲಿ” ಎಂದರು ಫಿಲಿಪಾ.

ಎಲ್ಲರಿಗೂ! ಕ್ಲೈವ್ ಮೂರು ಬಟ್ಟಲು ತಂದಿಟ್ಟ. ದೇವರ ಕೆಲಸದಲ್ಲಿರುವವರಿಗೇ ಕಂಡಮೇಲೆ ಇನ್ನು ಅನುಮಾನವೆಲ್ಲಿ? ಫಿಲಿಪಾ ಮೂರನೆಯ ಬಟ್ಟಲನ್ನು ನೋಡಿ ಕಣ್ಣು ಒದ್ದೆ ಮಾಡಿಕೊಂಡರು. ಇಬ್ಬರೂ ಕುರ್ಚಿಯ ಕಡೆ ನೋಡುತ್ತ ಹವಾಮಾನದ ಬಗ್ಗೆ ಮಾತಾಡಿದರು. ಅವನು ಅವರಿಗೆ ಕಾಣುತ್ತಿರುವುದನ್ನು ನೋಡಲು ಕುರ್ಚಿ ನೋಡಿದ. ಅವರು ಅವನಿಗೆ ಕಾಣುತ್ತಿರುವುದಕ್ಕೆ ಮರ್ಯಾದೆ ಕೊಡಲು ಕುರ್ಚಿ ನೋಡಿದರು. ಕುರ್ಚಿಗೆ ಅಷ್ಟು ಗೌರವ ಹಿಂದೆಂದೂ ಸಿಕ್ಕಿರಲಿಲ್ಲ.

ಹೊರಡುವಾಗ ಫಿಲಿಪಾ ಅವನ ಕೈ ಹಿಡಿದು, “ಹೇಳಬೇಕಾದ್ದನ್ನ ಹೇಳಿಬಿಡಿ ಕ್ಲೈವ್. ಹೇಳಿದ್ರೆ ಇಬ್ಬರಿಗೂ ಹಗುರ ಆಗುತ್ತೆ” ಎಂದರು. ಅವರು ಹೋದ ಮೇಲೆ ಬಟ್ಟಲುಗಳನ್ನು ಎತ್ತಿದ. ಮೂರೂ ಖಾಲಿಯಾಗಿದ್ದವು. ಪಾದ್ರಿಯಮ್ಮನಿಗೆ ಬಾಯಾರಿತ್ತೇನೋ, ಕೇಳುವುದು ಹೇಗೆ?

ಗುರುವಾರ ಬಂತು. ಹನ್ನೊಂದಕ್ಕೆ ಜೆಮ್ಮಾಳ ಫೋನು, ಸಂಜೆಗೆ ಡೋರೀನಳ ದೇವತೆ. ಕ್ಲೈವ್ ಎದುರಿಸಿದನೇ? ಇಲ್ಲ. ಹತ್ತೂವರೆಗೇ ಬಾಗಿಲಿಗೆ ಬೀಗ ಜಡಿದು ಬೌಲ್ಸ್ ಪಂದ್ಯಕ್ಕೆ ಓಡಿದ. ಅವತ್ತು ಪಕ್ಕದೂರಿನವರ ಜೊತೆ ಪಂದ್ಯ, ಬೀದಿಗೆ ಬೀದಿಯೇ ಅಲ್ಲಿತ್ತು. ಮೇವಿಸ್ ಚಹಾ ಹಂಚುತ್ತಿದ್ದಳು. ರೆಗ್ ಅಂಕ ಬರೆಯುತ್ತಿದ್ದ. ಫಿಲಿಪಾ ಕೇಕ್ ಮಾರುತ್ತಿದ್ದರು. ಡೋರೀನ್ ಬೆಂಚಿನ ಮೇಲೆ ಕೂತು, ಕ್ಲೈವ್ ಬಗ್ಗಿದಾಗಲೆಲ್ಲ ಅವನ ಬೆನ್ನಿಗೆ ಕೇಳುವಂತೆ ಕಲ್ಲಿನ ವಿಷಯ ಎತ್ತುತ್ತಿದ್ದಳು. ಚರ್ಚಿನ ಗಂಟೆ ಹನ್ನೊಂದು ಹೊಡೆದಾಗ ಇವರೆಲ್ಲ ಅವನ ಕಣ್ಣೆದುರಿಗೇ ಇದ್ದರು. ಖಾಲಿ ಮನೆಯಲ್ಲಿ ಫೋನ್ ಹೊಡೆದುಕೊಂಡು ನಿಲ್ಲುತ್ತದೆ, ಅಲ್ಲಿಗೆ ಮುಗಿಯಿತು ಎಂದುಕೊಂಡ. ಮನಸ್ಸು ಹಗುರವಾಯಿತು. ಆಮೇಲೆ ಕಲ್ಲು ಹೋಯಿತಲ್ಲ ಎಂದು ನೆನಪಾಗಿ ಆ ಹಗುರವೂ ಹೊರಟುಹೋಯಿತು. ಆಟದಲ್ಲೂ ಸೋತ.

ಸಂಜೆ ಡೋರೀನ್ ಅವನ ಜೊತೆಗೇ ಮನೆಗೆ ಬಂದಳು. ಮಂಜು ಹೊಸಿಲವರೆಗೂ ಬಂದಿತ್ತು. ಒಳಗೆ ಹೋದವಳೇ ಕೋಟನ್ನೂ ಬಿಚ್ಚದೆ ಕೂತಳು.

“ಮುಂಗಡ ಇದೆಯೋ ಇಲ್ವೋ? ಒಂದೇ ಮಾತು.”

“ಇಲ್ಲ ಡೋರೀನ್.”

“ಹಾಗಾದ್ರೆ ಈಗಲೇ ಕಲ್ಲುಕುಟಿಗನಿಗೆ ಹೇಳ್ತೀನಿ, ದೇವತೆ ನಕ್ಷೆ ಆಗಲೇ ಬರೆದಿಟ್ಟಿದ್ದಾನೆ” ಎಂದು ಚೀಲದಿಂದ ತನ್ನ ಮೊಬೈಲ್ ತೆಗೆದಳು. ಅಷ್ಟರಲ್ಲಿ ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು. ಕ್ಲೈವ್ ಎತ್ತಿದ. ಸ್ಪೀಕರಿನಿಂದ ದನಿ ಕೋಣೆಯ ತುಂಬ ಹರಡಿತು.

“ಸರ್, ಜೆಮ್ಮಾ. ಬೆಳಿಗ್ಗೆ ನೀವು ಇರಲಿಲ್ಲ, ಅದಕ್ಕೇ ಮತ್ತೆ ಮಾಡಿದೆ.”

ಡೋರೀನ್ ನೋಡುತ್ತಿದ್ದಳು. ಖಾಲಿ ಕುರ್ಚಿ ಇತ್ತು. ಪಾದ್ರಿಯಮ್ಮನ ಮಾತು ತಲೆಯಲ್ಲಿತ್ತು. ಎಪ್ಪತ್ತೈದು ವರ್ಷದ ಸಭ್ಯತೆಯನ್ನೆಲ್ಲ ಪಕ್ಕಕ್ಕೆ ತಳ್ಳಿ, ಕಣ್ಣು ಮುಚ್ಚಿಕೊಂಡು ಕ್ಲೈವ್ ಒಂದೇ ಉಸಿರಿಗೆ ಹೇಳಿದ:

“ನಾನು ಸುಳ್ಳು ಹೇಳಿದೆ ಮಗೂ. ಅವಳು ಸ್ನಾನಕ್ಕೆ ಹೋಗಿರಲಿಲ್ಲ. ನನ್ನ ಹೆಂಡತಿ ಸತ್ತುಹೋಗಿದ್ದಾಳೆ. ಎರಡು ವರ್ಷ ಆಯ್ತು. ನನ್ನ ಬೆರಿಲ್ ಸತ್ತುಹೋಗಿದ್ದಾಳೆ.”

ಎರಡು ವರ್ಷದಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಬಂದಿತ್ತು. ಕಣ್ಣಲ್ಲಿ ನೀರು ಸುರಿಯಿತು.

“ಹೌದು ಸರ್” ಎಂದಳು ಜೆಮ್ಮಾ. “ಬೆಳಿಗ್ಗೆ ಅವರೇ ಹೇಳಿದ್ರು.”

ಗೋಡೆಯಾಚೆ ಮೇವಿಸ್‌ಳ ಕೈಯಿಂದ ಏನೋ ಬಿದ್ದು ಒಡೆಯಿತು.

“ಹನ್ನೊಂದಕ್ಕೆ ಮಾಡಿದಾಗ ಅವರೇ ಎತ್ತಿದ್ರು. ತುಂಬಾ ಒಳ್ಳೆ ಮಾತು ಸರ್ ಅವರದು. ಹುಟ್ಟಿದ ದಿನ, ಮದುವೆ ಆದ ದಿನ, ಬೇಕರಿ ಕೆಲಸ, ಎಲ್ಲಾ ಸರಿಯಾಗಿ ಹೇಳಿದ್ರು. ನಾನು ನಾಲ್ಕೂ ವರ್ಷದ್ದು ಬರ್ಕೊಳ್ತಾ ಇದ್ದೆ, ತಡೆದ್ರು. ‘ಎರಡು ವರ್ಷದ ಹಿಂದಿನ ಅಕ್ಟೋಬರಲ್ಲಿ ಸತ್ತೆ ಕಣಮ್ಮ, ಅದರ ಮುಂದಿನ ವರ್ಷದ್ದು ನಮಗೆ ಬೇಡ, ನ್ಯಾಯ ಅಲ್ಲ’ ಅಂದ್ರು. ತಮಾಷೆ ಮಾಡ್ತಿದ್ದಾರೆ ಅಂತ ಕಚೇರೀಲಿ ನಾವೆಲ್ಲ ನಕ್ವಿ. ಆಮೇಲೆ ಕಂಪ್ಯೂಟರ್ ನೋಡಿದೆ.” ಹುಡುಗಿಯ ದನಿ ಸಣ್ಣಗಾಯಿತು. “ನೋಡಿದ ಮೇಲೆ ಯಾರೂ ನಗಲಿಲ್ಲ ಸರ್.”

ಈಗ ಜೆಮ್ಮಾ ಏನು ಕೇಳಬೇಕಿತ್ತು? ಮನೆಯಲ್ಲಿದ್ದವರು ಯಾರು ಎಂದು ಕೇಳಬೇಕಿತ್ತು. ಆದರೆ ಅವಳೂ ಅದೇ ದೇಶದ ಮಗಳು. “ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು ಸರ್” ಎಂದಳು.

“ಥ್ಯಾಂಕ್ಸ್ ಕಣಮ್ಮ” ಎಂದ ಕ್ಲೈವ್.

“ಮೊದಲೇ ಹೇಳಿದ್ರೆ ಆಗ್ತಿತ್ತು. ಹೆಂಡತಿ ತೀರಿಕೊಂಡಿದ್ರೆ ಗಂಡನೇ ಕೇಳಬಹುದು. ಅವರಿಗೆ ತೊಂದರೆ ಕೊಡೋ ಅಗತ್ಯವೇ ಇರಲಿಲ್ಲ. ಇರಲಿ, ಅವರು ಬದುಕಿದ್ದ ವರ್ಷಗಳದ್ದು ಮಂಜೂರಾಗಿದೆ. ಕಲ್ಲಿನ ಮುಂಗಡಕ್ಕೆ ಸಾಕಾಗುತ್ತೆ ಅಂತ ಅವರೇ ಲೆಕ್ಕ ಹಾಕಿದ್ರು. ನಿಮಗೊಂದು ಮಾತು ಹೇಳೋಕೆ ಹೇಳಿದ್ದಾರೆ, ಹೇಳ್ಲಾ?”

ಕ್ಲೈವ್ ತಲೆಯಾಡಿಸಿದ, ಫೋನಿಗೆ ಅದು ಕಾಣುತ್ತದೆ ಎಂಬಂತೆ.

“ಸಾದಾ ಕಲ್ಲು ಸಾಕಂತೆ. ಡೋರೀನ್‌ಗೆ ಬೇಜಾರಾಗದ ಹಾಗೆ ಹೇಳಬೇಕಂತೆ, ದೇವತೆ ಬೇಡ, ರೆಕ್ಕೆ ಇರೋದು ಅಂದ್ರೆ ಅವರಿಗೆ ಮೊದಲಿಂದಲೂ ಭಯವಂತೆ. ಅವರ ಹೆಸರಿನ ಕೆಳಗೆ ನಿಮ್ಮ ಹೆಸರಿಗೆ ಜಾಗ ಬಿಡಿಸಬೇಕಂತೆ. ಆದ್ರೆ ಅವಸರ ಇಲ್ಲವಂತೆ ಸರ್. ಅದನ್ನ ಎರಡು ಸಲ ಹೇಳಿದ್ರು. ಇನ್ನೇನಾದ್ರೂ ಸಹಾಯ ಬೇಕಾ ಸರ್?”

“ಏನೂ ಬೇಡಮ್ಮ” ಎಂದು ಕ್ಲೈವ್ ಫೋನ್ ಇಟ್ಟ.

ಡೋರೀನ್ ಬಾಯಿ ಮುಚ್ಚಿಕೊಂಡು ಕೂತದ್ದನ್ನು ಸ್ಕೆಲ್‌ಬೆಕ್‌ನಲ್ಲಿ ಅಲ್ಲಿಯವರೆಗೆ ಕಂಡವರಿಲ್ಲ. ಎಳೆಯದರಲ್ಲಿ ಬೆರಿಲ್ ಕೋಳಿ ಕಂಡರೂ ಅಕ್ಕನ ಬೆನ್ನ ಹಿಂದೆ ಅಡಗುತ್ತಿದ್ದಳು, ಅದು ಅಕ್ಕನಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವಳು ಮೂಗು ಒರೆಸಿಕೊಂಡಳು.

“ಬದುಕಿದ್ದಾಗಲೂ ನಿನ್ನ ಕಡೆಗೇ ಮಾತಾಡ್ತಿದ್ಲು” ಎಂದಳು. “ಈಗಲೂ ಬಿಡಲ್ಲ ನೋಡು.”

ಕೈಯಲ್ಲಿದ್ದ ಮೊಬೈಲಿನಿಂದ ಕಲ್ಲುಕುಟಿಗನಿಗೆ ಫೋನ್ ಹಚ್ಚಿದಳು.

“ನಾನು ಡೋರೀನ್. ದೇವತೆ ಬೇಡ. ಹೂಂ, ತೆಗೆದುಬಿಡಿ, ರೆಕ್ಕೆ ಸಮೇತ. ಸಾದಾ ಕಲ್ಲು. ಬೆರಿಲ್ ಫಿಶ್‌ವಿಕ್ ಅಂತ ಬರೀರಿ, ಅದರ ಕೆಳಗೆ ಇನ್ನೊಂದು ಹೆಸರಿಗೆ ಜಾಗ ಬಿಡಿ... ಏನು? ಹೆಸರು ಯಾವಾಗ ಕೆತ್ತಬೇಕಾ?” ಅವಳು ಒಂದು ಸಲ ಕ್ಲೈವನನ್ನು ನೋಡಿದಳು, ಒಂದು ಸಲ ಆ ಕುರ್ಚಿಯನ್ನು. “ಅವಸರ ಇಲ್ಲವಂತೆ. ಮನೆಯವರು ಹೇಳಿದ್ದಾರೆ.”